ಮಿಶ್ರಲೋಹದ ಮೂರನೇ ಫೇಸ್

ದೇಶದ ಮೊದಲ ಸಮೇರಿಯಮ್-ಕೋಬಾಲ್ಟ್ ಅಯಸ್ಕಾಂತ ಮಾಡಿದವನು ನಾನೇ. ಆಯ್ತು, ಸುಳ್ಳು. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಪ್ರಯೋಗಾಲಯದಲ್ಲಿ ಆ ಮಿಶ್ರಲೋಹದ ತುಂಡುಗಳಿಗೆ ಪಾಲಿಶ್ ಹಾಕುತ್ತಿದ್ದೆ, ಅಷ್ಟೇ. ತುಂಡಿನೊಳಗೆ ಬೇರೆ ಬೇರೆ ರಚನೆಯ ಭಾಗಗಳಿರುತ್ತವೆ, ಅವಕ್ಕೆ ಫೇಸ್ ಅಂತಾರೆ. ನಮ್ಮ ಡಾಕ್ಟರ್ ಸಾಹೇಬರು ಸೂಕ್ಷ್ಮದರ್ಶಕದಲ್ಲಿ ಅಂಥ ಎರಡನ್ನು ಕಂಡಿದ್ದರು.

ಆಯುಧಪೂಜೆಯ ರಜೆ ಮುಗಿದ ಬೆಳಿಗ್ಗೆ ಕೂಗಿದರು: “ರೀ, ಬನ್ರೀ ಇಲ್ಲಿ! ಮೂರನೇ ಫೇಸು! ಕೆಂಪಗಿದೆ! ಪ್ರಪಂಚದಲ್ಲೇ ಯಾರೂ ನೋಡಿಲ್ಲ!”

ನಮಗೆ ಹಣ ಕೊಡುವ ಡೆಲ್ಲಿಯ ಸಮಿತಿಗೆ ಆಗಲೇ ಕಾಗದ ಟೈಪ್ ಆಗುತ್ತಿತ್ತು.

ಪೂಜೆಯ ದಿನ ಕುಲುಮೆಗೆ, ತಕ್ಕಡಿಗೆ ಕುಂಕುಮ ಇಟ್ಟವನು ಆ ತುಂಡಿಗೂ ಇಟ್ಟಿದ್ದೆ. ಸಾಹೇಬರು ವಿಚಾರವಂತರು, ಪೂಜೆ ಮೂಢನಂಬಿಕೆ ಅಂತ ಅವತ್ತು ಬಂದಿರಲಿಲ್ಲ, ಕಡ್ಲೆಪುರಿ ಮಾತ್ರ ಮನೆಗೆ ತರಿಸಿಕೊಂಡಿದ್ದರು. ಹೇಳಿದರೆ ನನ್ನ ಕೆಲಸ ಹೋಗುತ್ತೆ, ಹೇಳದಿದ್ದರೆ ಅವರ ಮಾನ.

“ಸಾರ್, ಅದು ಕುಂಕುಮ.”

ಅವರು ತುಂಡನ್ನು ಒರೆಸಿದರು. ಪ್ರಪಂಚ ಕಾಣದ ಫೇಸ್ ಬಟ್ಟೆಗೆ ಬಂತು. ಕಾಗದ ಹರಿದು, ಮೆತ್ತಗೆ, “ಯಾರಿಗೂ ಹೇಳ್ಬೇಡಿ ಕಣ್ರೀ” ಅಂದರು.

ಮಾತು ಕೊಟ್ಟೆ. ಇವತ್ತಿನವರೆಗೂ ನಿಮಗೊಬ್ಬರಿಗೇ ಹೇಳಿರೋದು. ಟೀ ತಂದಿಟ್ಟ ಆ ಸಪ್ಲೈಯರ್ ನಗೋದನ್ನ ನೋಡಬೇಡಿ, ಅವನಿಗೂ ಅವನೊಬ್ಬನಿಗೇ ಹೇಳಿದ್ದು. ಇಂಥ ಗುಟ್ಟು ಕೇಳಿದ್ದೀರಿ, ನನ್ನ ಟೀ ದುಡ್ಡು ನೀವೇ ಕೊಟ್ಬಿಡಿ.