ಅಂಕಲ್ ಎಳೆದ ಕೆಂಪು ಗೆರೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಆ ಬೆರಳನ್ನು ಚೆನ್ನೈ ಮೇಲೆ ಊರಿ, ಕಿರುಬೆರಳನ್ನು ಬಂಗಾಳ ಕೊಲ್ಲಿಯೊಳಕ್ಕೆ ಚಾಚಿ, ಊಟದ ಮೇಜಿನ ಮೇಲೆ ಹರಡಿದ ನಕ್ಷೆಯನ್ನು ಅವರು ಗೇಣುಗಳಲ್ಲಿ ಅಳೆಯುತ್ತಿದ್ದರು. ಆಮೇಲೆ ನಾನು ಸ್ಕೇಲಿಟ್ಟು ಅಳೆದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಫ್ಯಾನಿನ ಗಾಳಿಗೆ ನಕ್ಷೆ ಹಾರದಂತೆ ಮೂಲೆಗೊಂದು ಕಾಫಿ ಲೋಟ ಇಟ್ಟಿರುತ್ತಿದ್ದರು.

ದೆಹಲಿಯ ದ್ವಾರಕಾದಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅವರದು ನಮ್ಮ ಕೆಳಗಿನ ಮನೆ. ಕೊಡಗಿನವರು. ವಾಯುಸೇನೆಯಲ್ಲಿ ನ್ಯಾವಿಗೇಟರ್, ಅಂದರೆ ವಿಮಾನಕ್ಕೆ ದಾರಿ ಹೇಳುವವರಾಗಿದ್ದು ನಿವೃತ್ತರಾಗಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಅಂಕಲ್. ನಾನು ಪೈಲಟ್ ಆದಾಗ ಅಪ್ಪ ಹೆದರಿದರು; ಇವರು ಮಾತ್ರ, ಲೆಕ್ಕ ಹಿಂದಿಯಲ್ಲಿ ಹಾಕುತ್ತಾಳೆ, ಬೈಗುಳ ಮಾತ್ರ ಕನ್ನಡದಲ್ಲಿ ಅರ್ಥವಾಗುತ್ತದೆ ಎಂದು ಕಿಚಾಯಿಸಿದರು.

ಒಂದೇ ಎಂಜಿನ್ನಿನ ಪುಟ್ಟ ವಿಮಾನವೊಂದನ್ನು ಚೆನ್ನೈಯಿಂದ ಅಂಡಮಾನಿಗೆ ಒಯ್ಯುವ ಕೆಲಸ ನನಗೆ ಸಿಕ್ಕಾಗ, ಅವರ ಕ್ಯಾನ್ಸರ್ ಔಷಧಿಗೆ ಬಗ್ಗುವುದನ್ನು ನಿಲ್ಲಿಸಿತ್ತು. ಆದರೂ ಪ್ಲಾನಿಂಗ್ ತಮ್ಮದೇ ಎಂದರು. "ನೀನು ಇಳಿದೆ ಅಂತ ಕೇಳಿಸಿಕೊಂಡೇ ಹೋಗ್ತೀನಿ," ಎಂದರು, ತರಕಾರಿ ತರಲು ಹೊರಟವರ ಹಾಗೆ.

ಸೆಪ್ಟೆಂಬರಿನಲ್ಲಿ ಒಂದು ದಿನ ನನ್ನನ್ನು ಸೊಸೈಟಿಯ ಈಜುಕೊಳಕ್ಕೆ ಕರೆದೊಯ್ದು, ಬಟ್ಟೆ, ಶೂ ಸಮೇತ ನೀರಿಗಿಳಿಸಿದರು. ನೀರಲ್ಲೇ ಲೈಫ್ ಜಾಕೆಟ್ ಹಾಕಿಕೊಳ್ಳಬೇಕಂತೆ. ಪಟ್ಟಿ ಎಲ್ಲೋ, ತೋಳು ಎಲ್ಲೋ. ಸಾಕಷ್ಟು ನೀರು ಕುಡಿದೆ. ಮೇಡಂ ಮುಳುಗುತ್ತಿದ್ದಾರೆಂದು ಗಾರ್ಡ್ ಭಯ್ಯಾ ಓಡಿಬಂದ. ಅಂಕಲ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿಶ್ಚಿಂತೆಯಿಂದ ಕೂತು, ಹಾಗಾದರೆ ಯಾವಾಗ ಹಾಕಿಕೊಳ್ಳಬೇಕು ಎಂದು ಕೇಳಿದರು. ಚೆನ್ನೈಯಲ್ಲೇ, ಎಂಜಿನ್ ಶುರು ಮಾಡುವ ಮೊದಲೇ ಎಂದೆ. ಅಚ್ಛಾ, ಇನ್ನು ಮೇಲೆ ಬಾ ಎಂದರು.

ಅವರ ಪ್ಲಾನಿಂಗ್ ಎಲ್ಲ ಹೀಗೇ. ಸಮುದ್ರದ ಮೇಲೆ ಮಾಡಬೇಕಾದ್ದನ್ನು ನೆಲದ ಮೇಲೇ ಮುಗಿಸಿಬಿಡಬೇಕು. ನಕ್ಷೆಯಲ್ಲಿ ನಮ್ಮ ದಾರಿಗೆ ಅಡ್ಡಲಾಗಿ ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಅದನ್ನು ದಾಟಿದರೆ ಹಿಂದಿರುಗಲು ಇಂಧನ ಸಾಲದು. ಅಲ್ಲಿಗೆ ಬಂದಾಗ, ಅಂಡಮಾನ್ ತಲುಪಿದ ಮೇಲೂ ಒಂದು ಗಂಟೆ ಹಾರುವಷ್ಟು ಇಂಧನ ಉಳಿಯುವುದಿಲ್ಲ ಎಂದು ಕಂಡರೆ ತಿರುಗಿಬಿಡಬೇಕು.

"ಅಲ್ಲಿ ಯೋಚನೆ ಮಾಡೋಕೆ ಕೂರಬೇಡ. ಯೋಚನೆ ಎಲ್ಲ ಈ ಮೇಜಿನ ಮೇಲೆ ಆಗಿಹೋಯ್ತು. ಅಲ್ಲಿ ನಿನಗೆ ಯಾರದೋ ಮುಖ ನೆನಪಾಗುತ್ತೆ."

ಹೊರಟದ್ದು ನವೆಂಬರಿನಲ್ಲಿ. ಎದುರುಗಾಳಿ ನಾವು ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು. ಗೆರೆಯ ಹತ್ತಿರ ಲೆಕ್ಕ ಹಾಕಿದೆ, ಹಿಂದಿಯಲ್ಲೇ. ತಲುಪಬಹುದಿತ್ತು, ಆ ಒಂದು ಗಂಟೆಯ ಇಂಧನ ಮಾತ್ರ ಉಳಿಯುತ್ತಿರಲಿಲ್ಲ. ನೆನಪಾದದ್ದು ಅವರದೇ ಮುಖ. ಚಳಿಗಾಲ ಕಳೆದು ಗಾಳಿ ತಗ್ಗುವವರೆಗೆ ಅವರು ಇರಲಾರರೆಂದು ನನಗೆ ಗೊತ್ತಿತ್ತು. ವಿಮಾನ ತಿರುಗಿಸಿದೆ. ದಾರಿಯುದ್ದಕ್ಕೂ ಅತ್ತೆ.

ಚೆನ್ನೈಯಲ್ಲಿ ಇಳಿದು ಫೋನ್ ಮಾಡಿದೆ. ತಿರುಗಿ ಬಂದೆ ಅಂಕಲ್ ಎಂದೆ.

"ಇಳಿದೆಯಲ್ಲ," ಎಂದರು. "ನಾನು ಕೇಳಿಸಿಕೊಳ್ಳಬೇಕಾಗಿದ್ದು ಅಷ್ಟೇ."

ಮುಂದಿನ ವಾರ ತೀರಿಕೊಂಡರು. ನಾನು ದೆಹಲಿಗೆ ಬಂದಿದ್ದೆ, ಪಕ್ಕದಲ್ಲೇ ಇದ್ದೆ. ಮಾರ್ಚಿನಲ್ಲಿ ಅದೇ ನಕ್ಷೆ ಹಿಡಿದು ಮತ್ತೆ ಹೋದೆ. ಗೆರೆಯ ಹತ್ತಿರ ಲೆಕ್ಕ ಹಾಕಿದೆ, ಇಂಧನ ಬೇಕಾದಷ್ಟಿತ್ತು, ದಾಟಿದೆ. ಅಂಡಮಾನಿನ ಉರಿಬಿಸಿಲಿನಲ್ಲಿ ಇಳಿದು, ಜಾಕೆಟ್ ಬಿಚ್ಚುವ ಮೊದಲೇ ಅವರ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಆಂಟಿ. ಇಳಿದೆ ಎಂದೆ. ಸರಿಯಮ್ಮ, ಅವರ ಫೋಟೋ ಮುಂದೆ ಹೇಳ್ತೀನಿ ಎಂದರು.

ಈಗಲೂ ಎಲ್ಲಿ ಇಳಿದರೂ ನನ್ನ ಮೊದಲ ಫೋನ್ ಆ ಮನೆಗೇ.