ಸ್ಪೀಕರಿನ ಮುಂದಿನ ಎರಡು ಕುರ್ಚಿ

ಮೈಸೂರಿನಲ್ಲಿ ಸಂಗೀತ ಕಚೇರಿಗೆ ಹೋಗುವವರಿಗೆ ಒಂದು ಚಟವಿದೆ. ರಾಮೋತ್ಸವದ ಚಪ್ಪರವಾಗಲಿ, ಗಣಪತಿಯ ಪೆಂಡಾಲಾಗಲಿ, ಆರು ಗಂಟೆಯ ಕಚೇರಿಗೆ ನಾಲ್ಕೂವರೆಗೇ ಹೋಗಿ, ಮುಂದಿನ ಸಾಲಿನ ಕುರ್ಚಿಗೆ ಕರವಸ್ತ್ರ ಹಾಕಿ, ಆಮೇಲೆ ನಿಧಾನವಾಗಿ ಕಾಫಿ ಕುಡಿಯಲು ಹೋಗುವುದು. ಆ ಕರವಸ್ತ್ರವನ್ನು ಯಾರೂ ಮುಟ್ಟುವುದಿಲ್ಲ. ತವರಿನಲ್ಲಿ ನನ್ನ ಅಜ್ಜ, ಅಪ್ಪ ಎಲ್ಲರೂ ಹೀಗೆ ಕೂತು ಕೇಳಿದವರೇ. ನನಗೂ ಆ ರೋಗ ಅಂಟಿತ್ತು. ಅದೇ ಬುದ್ಧಿಯನ್ನು ರಾಕ್ ಕಚೇರಿಗೂ ಹೊತ್ತುಕೊಂಡು ಹೋದ ಮಹಾರಾಯ್ತಿ ಊರಿಗೆಲ್ಲ ನಾನೊಬ್ಬಳೇ ಇರಬೇಕು.

ನಮ್ಮ ಯಜಮಾನರು ಇದ್ದ ಕಾಲದ ಮಾತು ಇದು. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ದೊಡ್ಡ ಯಂತ್ರಗಳ ನಡುವೆ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಇನ್ನು ಇಬ್ಬರೂ ಕೂತು ಹರಟೆ ಹೊಡೆಯಬಹುದು ಎಂದು ನಾನು ಆಸೆಪಟ್ಟಿದ್ದೆ. ಆದದ್ದೇ ಬೇರೆ. ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ ನಾನು ಹತ್ತು ಮಾತಾಡಿದರೆ ಅವರದು ಒಂದು "ಹೂಂ". ಯಾವ ತರಕಾರಿ ತರಲಿ ಎಂದರೂ ಹೂಂ, ಪಕ್ಕದ ಮನೆಯ ಮುದುಕಿ ತೀರಿಕೊಂಡಳು ಎಂದರೂ ಹೂಂ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅವರ ಬೆನ್ನ ಹಿಂದೆಯೇ ನಿಂತು ಎಷ್ಟು ಸಲ ಅಂದಿದ್ದೇನೋ, ಲೆಕ್ಕವಿಲ್ಲ.

ಎರಡು ವರ್ಷ ಹೀಗೆ ಕಳೆದ ಮೇಲೆ, ಈ ಮನುಷ್ಯನಿಗೆ ನಾನು ಸಾಕಾಗಿದ್ದೇನೆ ಎಂದು ತೀರ್ಮಾನಿಸಿಬಿಟ್ಟೆ. ನಂಜನಗೂಡಿನಲ್ಲಿ ಒಬ್ಬಳೇ ಇದ್ದ ತಂಗಿ ಬಾ ಬಾ ಎಂದು ಕರೆಯುತ್ತಿದ್ದಳು. ಸೋಮವಾರ ಬರುತ್ತೇನೆ, ವಾಪಸು ಹೋಗುವ ಯೋಚನೆ ಇಲ್ಲ ಎಂದು ಅವಳಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಇವರಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ಅದಕ್ಕೂ ಹೂಂ ಅಂದಾರು ಎಂಬ ಭಯ ನನಗೆ.

ಆ ಶನಿವಾರ ಉದಯಗಿರಿಯಿಂದ ಅವರ ಹಳೆಯ ಸಹೋದ್ಯೋಗಿಯೊಬ್ಬರು ಎರಡು ಪಾಸು ಹಿಡಿದುಕೊಂಡು ಬಂದರು. "ನಾಳೆ ನನ್ ಮಗನ ಪ್ರೋಗ್ರಾಂ ಅಕ್ಕ. ಗಿಟಾರ್ ಬಾರಿಸ್ತಾನೆ. ಹಾಡೋರು ಯಾರೂ ಇಲ್ಲ, ಬರೀ ವಾದ್ಯ. ಇಬ್ರೂ ಬಂದ್ಬುಡಿ. ಸೌಂಡು ಒಸಿ ಜಾಸ್ತಿ ಇರ್ತದೆ, ಹಿಂದ್ಗಡೆ ಕೂತ್ಕೊಳಿ" ಎಂದರು. "ದಸರಾ ಕುಶಾಲತೋಪು ಕೇಳಿ ಬೆಳೆದೋರಪ್ಪ ನಾವು, ಇದ್ಯಾವ ಲೆಕ್ಕ?" ಎಂದು ನಾನು ನಕ್ಕೆ.

ಭಾನುವಾರ ನಾಲ್ಕೂವರೆಗೆ ಹೋದೆವು. ಬಯಲಿನಲ್ಲಿ ವೇದಿಕೆ, ಅದರ ಮುಂದೆ ನಾಲ್ಕೇ ಸಾಲು ಪ್ಲಾಸ್ಟಿಕ್ ಕುರ್ಚಿ. ನಾನು ಮೊದಲ ಸಾಲಿನ ಅಂಚಿಗೆ ಎರಡು ಕರವಸ್ತ್ರ ಹಾಸಿ, ಗೆದ್ದವಳಂತೆ ಕಾಫಿಗೆ ಹೋದೆ. ಬಂದು ನೋಡಿದರೆ ನಮ್ಮ ಕುರ್ಚಿಯ ಎದುರಿಗೇ ಬೀರುವಿನ ಮೇಲೆ ಬೀರು ಇಟ್ಟಷ್ಟು ಎತ್ತರದ ಸ್ಪೀಕರುಗಳನ್ನು ತಂದು ನಿಲ್ಲಿಸಿದ್ದರು. ಹುಡುಗ ಹುಡುಗಿಯರೆಲ್ಲ ಜಾಣರು, ದೂರ ನಿಂತಿದ್ದರು. ಆದರೆ ಹಾಕಿದ ಕರವಸ್ತ್ರ ತೆಗೆದು ಹಿಂದಕ್ಕೆ ಹೋಗುವುದು ನಮ್ಮ ವಂಶದಲ್ಲೇ ಇಲ್ಲ. ಕೂತೆ.

ಮೊದಲ ಏಟಿಗೇ ನನ್ನ ಎದೆಗೂಡು ಅದುರಿತು. ಹೊಟ್ಟೆಯಲ್ಲಿದ್ದ ಕಾಫಿಯೂ ಅದುರಿತು. ಗಿಟಾರಿನ ಒಂದು ಎಳೆತಕ್ಕೆ ಹಲ್ಲುಗಳೆಲ್ಲ ಜುಮ್ಮೆಂದವು. ಎರಡು ಕಿವಿಗೂ ಸೆರಗು ತುರುಕಿಕೊಂಡು, ಎದ್ದು ಹೋಗೋಣವೇ ಎಂದು ಕೇಳಲು ಇವರ ಕಡೆ ತಿರುಗಿದೆ. ಇವರು ನೆಟ್ಟಗೆ ಕೂತು ನಗುತ್ತಿದ್ದರು! ಎರಡು ವರ್ಷದಿಂದ ಆ ಮುಖದಲ್ಲಿ ನಾನು ಅಂಥ ನಗು ಕಂಡಿರಲಿಲ್ಲ.

ವೇದಿಕೆಯ ಆ ಪಕ್ಕದಲ್ಲಿ ನಿಂತಿದ್ದ, ನಮಗೆ ಪಾಸು ತಂದುಕೊಟ್ಟ ಸ್ನೇಹಿತರು ಕೈ ಎತ್ತಿ, ಇಲ್ಲದ ಮೀಸೆಯನ್ನು ಹುರಿ ಮಾಡಿದರು. ಇವರು ಗಹಗಹಿಸಿ ನಕ್ಕು, ಎರಡು ಬೆರಳು ತುಟಿಗೆ ಮುಟ್ಟಿಸಿ, ಹೊಟ್ಟೆ ತಟ್ಟಿಕೊಂಡು ಏನೋ ಉತ್ತರ ಕೊಟ್ಟರು. ಅವರು ಇನ್ನೇನೋ ತೋರಿಸಿದರು. ಅಷ್ಟು ದೂರದಿಂದ, ಆ ಗದ್ದಲದಲ್ಲಿ, ಇಬ್ಬರೂ ಕಟ್ಟೆಯ ಮೇಲೆ ಕೂತವರ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಸುತ್ತಲಿನವರು ಒಬ್ಬರ ಕಿವಿಗೆ ಒಬ್ಬರು ಬಾಯಿ ಇಟ್ಟು ಅರಚಿದರೂ ಒಂದಕ್ಷರ ತಿಳಿಯದೆ ಒದ್ದಾಡುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಸವತಿಯನ್ನು ಕಂಡಷ್ಟೇ ಉರಿಯಿತು.

ತೋಳು ಜಗ್ಗಿದೆ. ಇವರು ನನ್ನ ಕಡೆ ತಿರುಗಿ ಉತ್ಸಾಹದಿಂದ ಕಲಿಸತೊಡಗಿದರು. ಯಂತ್ರಗಳ ಸದ್ದಿನಲ್ಲಿ ಬಾಯಿಮಾತು ನಡೆಯದ್ದರಿಂದ ಅವರೆಲ್ಲ ಸೇರಿ ಕಟ್ಟಿಕೊಂಡಿದ್ದ ಭಾಷೆ ಅದು. ತುಟಿಗೆ ಬೆರಳು ಎಂದರೆ ಟೀ. ಮೀಸೆ ಎಂದರೆ ಸೂಪರ್‌ವೈಸರ್ ಬರುತ್ತಿದ್ದಾನೆ. ಅಂಗೈಯನ್ನು ಅಡ್ಡಕ್ಕೆ, ಮೇಜು ಒರೆಸುವಂತೆ ಎಳೆದರೆ ಮಿಷನ್ ನಿಂತುಹೋಗಿದೆ. ಒಂದೊಂದನ್ನೂ ಮಾಡಿ ತೋರಿಸಿ, ಆಯಾ ವಸ್ತುವನ್ನು ನಟಿಸಿ ನನಗೆ ಅರ್ಥ ಮಾಡಿಸಿದರು.

ಇಷ್ಟು ಮಾತು ಇವರಲ್ಲಿ ಇತ್ತೇ! ನನಗೆ ಅಳು ಬಂತು. ನನ್ನ ದನಿ ನನಗೇ ಕೇಳದ ಗದ್ದಲ. ಅದೇ ಧೈರ್ಯದಲ್ಲಿ ಅವರ ಮುಖ ನೋಡಿಕೊಂಡೇ ಎಲ್ಲ ಹೇಳಿಬಿಟ್ಟೆ. "ನಾಳೆ ನಾನು ತಂಗಿ ಮನೆಗೆ ಹೋಗ್ತಾ ಇದೀನಿ ಕಣ್ರೀ. ವಾಪಸ್ ಬರಲ್ಲ. ಸ್ನೇಹಿತರ ಹತ್ರ ಆದ್ರೆ ಇಷ್ಟು ಮಾತಾಡ್ತೀರಿ, ನನ್ ಹತ್ರ ಮಾತ್ರ ಇಲ್ಲ. ನಾನೇನ್ ತಪ್ಪು ಮಾಡಿದೀನಿ ಹೇಳಿ."

ಮೂವತ್ತು ವರ್ಷ ಆ ಸದ್ದಿನಲ್ಲಿ ಇದ್ದವರು ತುಟಿ ನೋಡಿಯೇ ಮಾತು ಓದುತ್ತಾರೆ ಎಂಬುದು ನನ್ನ ಮಂದ ಬುದ್ಧಿಗೆ ಹೊಳೆದಿರಲಿಲ್ಲ. ಅವರ ನಗು ಆರಿತು. ಆಮೇಲೆ ಬಲಗಿವಿ ಮುಟ್ಟಿಕೊಂಡರು, ಅಂಗೈಯನ್ನು ಅಡ್ಡಕ್ಕೆ ಎಳೆದರು. ಎಡಗಿವಿ ಮುಟ್ಟಿಕೊಂಡು ಮತ್ತೆ ಹಾಗೆಯೇ ಎಳೆದರು.

ಮಿಷನ್ ನಿಂತುಹೋಗಿದೆ.

ಫೋನ್ ಬಂದರೆ ನನ್ನ ಕೈಗೆ ಕೊಡುತ್ತಿದ್ದುದು, ಟಿ.ವಿ.ಯಲ್ಲಿ ಕೆಳಗೆ ಓಡುವ ಅಕ್ಷರವನ್ನಷ್ಟೇ ಓದುತ್ತಿದ್ದುದು, ಯಾರಾದರೂ ಮನೆಗೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದುದು, ಎಲ್ಲ ಒಂದರ ಹಿಂದೆ ಒಂದು ನೆನಪಾಯಿತು. ನಾನೋ, ಎರಡು ವರ್ಷ ಅವರ ಬೆನ್ನಿಗೆ ಬೈದಿದ್ದೆ. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು.

ಏಳೂವರೆಗೆ ವಾದ್ಯಗಳು ನಿಂತವು, ದೀಪ ಹತ್ತಿದವು. ಜನರ ಮಾತು ಸುತ್ತಲೂ ಎದ್ದಿತು. ಅಷ್ಟು ಹೊತ್ತು ಕುಣಿಯುತ್ತಿದ್ದ ಕೈಗಳನ್ನು ಇವರು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ನೆಲ ನೋಡತೊಡಗಿದರು. "ಯಾರ್ಗೂ ಹೇಳ್ಬೇಡ ಕಣೇ. ಕಿವುಡ ಅಂತ ಗೊತ್ತಾದ್ರೆ ಜನ ಮಾತೇ ಆಡಿಸಲ್ಲ. ತುಂಬಾ ದಿವಸದ ಮೇಲೆ ಇವತ್ತು ಏನೋ ಒಂದು ಚೆನ್ನಾಗಿ ಕೇಳಿಸ್ತು" ಎಂದರು.

ನಾನು ಅವರ ಎದುರಿಗೆ ಹೋಗಿ ನಿಂತೆ. ಗದ್ದ ಹಿಡಿದು ಮುಖ ಎತ್ತಿದೆ. ಅಷ್ಟು ಜನರ ಮುಂದೆ ಹಾಗೆ ಮಾಡಿದ್ದು ಅದೇ ಮೊದಲು. ದನಿ ಬಿಡದೆ, ತುಟಿಯಲ್ಲಷ್ಟೇ ಹೇಳಿದೆ: "ನಾನು ಎಲ್ಲಿಗೂ ಹೋಗಲ್ಲ."

"ಏನು? ಇನ್ನೊಂದ್ಸಲ ಹೇಳು" ಎಂದರು.

ಹೇಳಿದೆ. ಮತ್ತೆ ಕಣ್ಣು ಕಿರಿದು ಮಾಡಿಕೊಂಡು, "ಆಂ?" ಎಂದರು. ಮೊದಲನೇ ಸಲಕ್ಕೇ ಅವರಿಗೆ ತಿಳಿದಿತ್ತು ಎಂದು ನನಗೆ ಗೊತ್ತಿತ್ತು. ಆದರೂ ಮೂರನೇ ಸಲ ಹೇಳಿದೆ.