ನೀರುಗಂಟಿಯ ಬೆರಳು

ತಾಲ್ಲೂಕಿನ ಸಾಹೇಬರು ಕೆರೆಯಂಚಿನ ಗಿಡ ನೋಡಲು ಬರುವ ದಿನ ಮೇಕೆಗಳು ನುಗ್ಗಬಹುದಿತ್ತು, ಪಂಚಾಯಿತಿ ಸದಸ್ಯರು ಅಲ್ಲೇ ಕಿತ್ತಾಡಬಹುದಿತ್ತು, ನಾನೇ ತಲೆ ತಿರುಗಿ ನೀರಿಗೆ ಬೀಳಬಹುದಿತ್ತು; ಇಷ್ಟೆಲ್ಲ ಹೆದರಿಕೆ ನನಗಿತ್ತು.

ಕೆರೆಯ ಸುತ್ತ ಹಿಂದೆ ಇದ್ದ ಜಾತಿಯ ಮರಗಳನ್ನೇ ಮತ್ತೆ ಬೆಳೆಸುತ್ತೇವೆಂದು ಪಂಚಾಯಿತಿಯ ಠರಾವು ಬರೆದವನು ಕಾರ್ಯದರ್ಶಿಯಾದ ನಾನು. ಬೆಳೆಸಿದವನು ಊರಿಗೆ ನೀರು ಬಿಡುವ ನಮ್ಮ ನೀರುಗಂಟಿ. ಗಿಡದ ಬುಡಕ್ಕೆ ಬೆರಳು ಚುಚ್ಚಿ ನೋಡಿ, ಲುಂಗಿಗೆ ಒರೆಸಿಕೊಂಡು, "ಇವತ್ ನೀರ್ ಬ್ಯಾಡ, ಅದ್ರ ಪಾಡಿಗ್ ಬುಡಿ ಸಾ" ಅನ್ನುತ್ತಿದ್ದ. ದುದ್ದದ ಬಸ್ಸಿಳಿದ ಹೆಂಗಸರು, "ನಿನ್ ಗಿಡ ಚೆಂದಾಗವೆ ಕಣಣ್ಣ" ಎಂದು ಅವನನ್ನೇ ಮಾತಾಡಿಸುವರು. ನಲ್ಲಿ ಬರದಿದ್ದರೆ ಮಾತ್ರ ನನ್ನ ನೆನಪು, ನಲ್ಲಿ ಬಿಡುವವನೂ ಅವನೇ ಆದರೂ.

ಹೊಟ್ಟೆಕಿಚ್ಚಿಗೆ ನಾನೂ ಒಂದು ಗಿಡ ನೆಟ್ಟೆ. 'ನೇರಳೆ' ಎಂದು ಬರೆಸಿ, ಕೆಳಗೆ ನನ್ನ ಹೆಸರು ಹಾಕಿಸಿ ಬೋರ್ಡು ನಿಲ್ಲಿಸಿದೆ. ಒಣಗೀತೆಂದು ಹೆದರಿ ದಿನಾ ಎರಡು ಕೊಡ ನೀರು ಹುಯ್ದೆ.

ಸಾಹೇಬರು ಬಂದರು. ಮೇಕೆ ಬರಲಿಲ್ಲ, ಯಾರೂ ಕಿತ್ತಾಡಲಿಲ್ಲ. ನನ್ನ ಬೋರ್ಡಿನ ಮುಂದೆ ನಿಂತು, "ಇದು ಹೊಂಗೆ ಅಲ್ವೇನ್ರಿ?" ಎಂದರು.

ನೀರುಗಂಟಿ ನನ್ನ ಕಿವಿಯ ಹತ್ತಿರ ಬಂದ. "ನಿಮ್ದು ಬೇರು ಕೊಳ್ತೋಗಿತ್ತು ಸಾ. ಬೇಜಾರ್ ಮಾಡ್ಕತೀರಿ ಅಂತ ನೆನ್ನೆ ನಂದೊಂದ ನೆಟ್ಬುಟ್ಟೆ."

ಅಷ್ಟೆಲ್ಲ ಹೆದರಿದ್ದಕ್ಕೆ ತಪ್ಪಾದದ್ದು ಬೋರ್ಡಿನ ಒಂದೇ ಪದ. ಗಿಡದ ಹೆಸರು ತಿದ್ದಿಸಿದೆ. ಅದರ ಕೆಳಗಿನ ನನ್ನ ಹೆಸರನ್ನು ಇನ್ನೂ ಅಳಿಸಿಲ್ಲ.